ನೀರಿನ ಪಾಲು

"ಹೆಕ್ಟರ್, ದೋಣಿ ನೀವು ಹೊರ್ತೀರಾ, ಇಲ್ಲ ನಾನು ಹೊತ್ಕೊಳ್ಲಾ?" ಎಂದು ಅಂಬ್ರೋಸ್ ಕೇಳಿದಾಗ ಹೆಕ್ಟರನಿಗೆ ಯಾರೋ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದನಿ ಮೆತ್ತಗಿತ್ತು. ಪಾದ್ರಿಯ ಹತ್ತಿರ, ಅಂಗಡಿಯ ಬಿಳಿ ಮ್ಯಾನೇಜರನ ಹತ್ತಿರ, ಬೇಸಿಗೆಯಲ್ಲಿ ಮೀನು ಹಿಡಿಯಲು ಬರುವ ಹಣವಂತರ ಹತ್ತಿರ ಅಂಬ್ರೋಸ್ ಮಾತಾಡುವುದು ಇದೇ ದನಿಯಲ್ಲಿ. ಮುಂಜಾನೆಯಿಂದ ಉದ್ದನೆಯ ಕೆರೆಯನ್ನು ಇಬ್ಬರೂ ಹುಟ್ಟು ಹಾಕಿಕೊಂಡು ದಾಟಿದ್ದರು. ಅಷ್ಟು ಹೊತ್ತೂ ಅವನು ಇದೇ ದನಿಯಲ್ಲಿ ಗಾಳಿಯ ಬಗ್ಗೆ ಒಂದು ಮಾತು, ಬಂಡೆಯ ಬಗ್ಗೆ ಒಂದು ಮಾತು ಆಡಿದ್ದ. ಈ ಉತ್ತರದ ಕಾಡುಕೆರೆಗಳ ಮೂಲದವರಾದ ನಮ್ಮಲ್ಲಿ ಹೆಂಡತಿಯ ತಮ್ಮನೂ ಭಾವ, ಅಕ್ಕನ ಗಂಡನೂ ಭಾವ. ಭಾವಂದಿರು ಎದುರಾದರೆ ಗೇಲಿ ಮಾಡಲೇಬೇಕು. ಗೇಲಿಗೊಳಗಾದವನು ಸಿಟ್ಟು ಮಾಡಿಕೊಳ್ಳುವಂತಿಲ್ಲ, ನಗಬೇಕು, ತಿರುಗಿ ಒಂದು ಮಾತು ಕೊಡಬೇಕು. ಹೆಂಡತಿ ವರ್ನಾ ಬದುಕಿದ್ದಾಗ ಅವಳ ತಮ್ಮ ಅಂಬ್ರೋಸ್ ಇದೇ ದಡದಲ್ಲಿ ನಿಂತು, "ಭಾವ, ನಿನ್ನ ಹೊಟ್ಟೇನೇ ಮೊದ್ಲು ಹೊತ್ಕೊಂಡ್ ಹೋಗಿ ಆ ಕಡೆ ಇಟ್ಟು ಬಾ, ಆಮೇಲೆ ದೋಣಿ ನೋಡೋಣ" ಎಂದು ಕೂಗುತ್ತಿದ್ದ. ಅವಳು ಸತ್ತ ಮೇಲೆ ಭಾವ ಅನ್ನುವ ಮಾತು ಅವನ ಬಾಯಿಂದ ಬಂದಿಲ್ಲ. ಹೆಕ್ಟರ್, ನೀವು, ದಯವಿಟ್ಟು. ಒಂದು ಸಲ ಬೈದರೂ ಸಾಕು ಅನ್ನಿಸುತ್ತಿತ್ತು ಹೆಕ್ಟರನಿಗೆ. ಇವತ್ತು ಒಂದೇ ಒಂದು ಸಲ ಹಳೆಯ ಹಾಗೆ ಗೇಲಿ ಮಾಡಲಿ. ಮಾಡದಿದ್ದರೆ ಆ ಮನೆಯವರಿಗೂ ತನಗೂ ಇನ್ನೇನೂ ಉಳಿದಿಲ್ಲ ಎಂದು ತಿಳಿದುಕೊಂಡರಾಯಿತು.

"ನಾನೇ ಹೊರ್ತೀನಿ" ಎಂದ. ದೋಣಿಯನ್ನು ತೊಡೆಯ ಮೇಲೆ ಹೊರಳಿಸಿ, ಮೊಣಕಾಲಿನಿಂದ ಒದ್ದು, ತಲೆಯ ಮೇಲೆ ಕವುಚಿಕೊಂಡ. ದೋಣಿಯ ನಡುವಿನ ಅಡ್ಡಮರದ ನೊಗ ಹೆಗಲಿಗೆ ಬಂದು ಕೂತಿತು. ಹಿಂದೆ ಇದು ಒಂದೇ ಬೀಸಿಗೆ ಆಗುತ್ತಿತ್ತು. ಇವತ್ತು ಎರಡನೆಯ ಸಲಕ್ಕೆ ಆಯಿತು. ಮೊದಲನೆಯ ಸಲ ಕಾಲು ಜಾರಿದಾಗ ಅಂಬ್ರೋಸ್ ಏನಾದರೂ ಅನ್ನುತ್ತಾನೆಂದು ಕಾದ. ಅವನು ಮುಂದೆ ಬಂದು ದೋಣಿಯ ಮೂತಿಯನ್ನು ಮೆಲ್ಲಗೆ ಎತ್ತಿ ಹಿಡಿದು, ನೊಗ ಕೂತ ಮೇಲೆ ಬಿಟ್ಟ. ಮುದುಕರಿಗೆ ಹಾಗೆ ಮಾಡುತ್ತಾರೆ. ಅಂಬ್ರೋಸನ ಅಪ್ಪ ಸೀಡರ್ ಮರ ಸೀಳಿ, ಪಕ್ಕೆಲುಬು ಬಗ್ಗಿಸಿ, ಮೇಲೆ ಕ್ಯಾನ್ವಾಸು ಎಳೆದು ಹಸಿರು ಬಣ್ಣ ಬಳಿದ ದೋಣಿ ಅದು. ಮಗಳ ಮದುವೆಗೆ ಕೊಟ್ಟಿದ್ದ. ಈಗ ಮಗಳಿಲ್ಲ, ಅಪ್ಪನೂ ಇಲ್ಲ. ಇವತ್ತು ಕೆರೆಯಲ್ಲಿ ತಾನೇ ಬೆಳೆದ ನೀರಕ್ಕಿಯ ಕೊಯ್ಲು ಮುಗಿದ ಮೇಲೆ, ಹೆಕ್ಟರ್, ಬೇಜಾರು ಮಾಡ್ಕೊಬೇಡಿ, ದೋಣಿ ನಮ್ಮನೇಲಿ ಇರ್ಲಿ ಅಂತ ಅಮ್ಮ ಹೇಳಿದ್ಲು ಎಂದು ಅಂಬ್ರೋಸ್ ಇದೇ ಮೆತ್ತಗಿನ ದನಿಯಲ್ಲಿ ಹೇಳುವುದನ್ನು ಅವನು ನೊಗದ ಕೆಳಗೆ ಮನಸ್ಸಿನಲ್ಲೇ ಆಗಲೇ ಕೇಳಿಸಿಕೊಂಡಿದ್ದ. ಇಲ್ಲದಿದ್ದರೆ ಬೆಳಿಗ್ಗೆ ಕರೆಯದೆ ಬಾಗಿಲಿಗೆ ಬಂದು "ಅಕ್ಕಿಕೆರೆಗೆ ಹೋಗೋಣ್ವಾ, ನಿಮ್ಗೂ ಜೊತೆ ಇಲ್ವಲ್ಲ" ಎಂದು ಯಾಕೆ ಕೇಳಬೇಕು?

ಎರಡು ಕೆರೆಗಳ ನಡುವಿನ ಹೊರೆದಾರಿ ಮೊದಲು ಬಂಡೆಯ ಮೇಲೆ ಹತ್ತುತ್ತದೆ. ಬಂಡೆಯ ಮೇಲೆ ಕಲ್ಲುಹೂವು ಒಣಗಿ ಕಾಲಡಿ ಪುಡಿಯಾಗುತ್ತಿತ್ತು. ದೋಣಿ ಹೊತ್ತವನಿಗೆ ಆಕಾಶ ಇಲ್ಲ, ಮರದ ತುದಿ ಇಲ್ಲ. ತನ್ನ ಬೂಟು, ಬೂಟಿನ ಮುಂದಿನ ಒಂದು ತುಂಡು ನೆಲ, ಬೇರು, ಕಲ್ಲು, ಇಷ್ಟೇ. ತಲೆಯ ಸುತ್ತ ಸೀಡರಿನ ಪಕ್ಕೆಲುಬುಗಳು, ಹಳೆಯ ಮೀನಿನ ವಾಸನೆ, ಒಳಗೆ ಸಿಕ್ಕಿಕೊಂಡ ಸೊಳ್ಳೆಯ ಸದ್ದು. ಉಸಿರು ಬಿಟ್ಟರೆ ಅದು ದೋಣಿಗೆ ಬಡಿದು ವಾಪಸು ಮುಖಕ್ಕೆ ಬರುತ್ತಿತ್ತು. ವರ್ನಾಳ ವರ್ಷದ ಊಟದ ದಿನ ಅತ್ತೆ ತೊಡಿಸಿದ ಚೌಕುಳಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅವತ್ತು ಅತ್ತೆ ಎಲ್ಲರ ಮುಂದೆ ಅವನ ಹಳೆಯ ಅಂಗಿ ಬಿಚ್ಚಿಸಿ, ಇದನ್ನು ತೊಡಿಸಿ, ಗುಂಡಿಯನ್ನು ತಾನೇ ಹಾಕಿ, "ಅತ್ತಿದ್ದು ಸಾಕಪ್ಪ. ಇನ್ನು ನಿನ್ನ ದಾರಿ ನಿನಗೆ. ನಾವು ಹಿಡ್ಕೊಳ್ಳಲ್ಲ" ಎಂದಿದ್ದಳು. ಹಾಗೆ ಹೇಳುವುದೇ ಕ್ರಮ. ದುಃಖದಿಂದ ಬಿಡಿಸುವ ಮಾತು ಅದು. ಎಷ್ಟೋ ಜನರಿಗೆ ಹೇಳಿದ್ದನ್ನು ಅವನೇ ಕೇಳಿದ್ದ. ತನಗೆ ಹೇಳಿದಾಗ ಮಾತ್ರ ಎದ್ದು ಹೋಗು ಅಂದಂತೆ ಕೇಳಿಸಿತು. ಅಂಬ್ರೋಸ್ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ, ಮೂಸ್ ಕಡವೆಯ ಮಾಂಸದ ಸಾರಿನಲ್ಲಿ ರೊಟ್ಟಿ ಅದ್ದುತ್ತಿದ್ದ, ತಲೆ ಎತ್ತಲಿಲ್ಲ.

ಹಿಂದಿನಿಂದ ಅಂಬ್ರೋಸನ ಹೆಜ್ಜೆ ಕೇಳುತ್ತಿತ್ತು. ಹಣೆಪಟ್ಟಿಗೆ ಕಟ್ಟಿದ ಗಂಟುಮೂಟೆ ಬೆನ್ನ ಮೇಲೆ ಕಿರುಗುಟ್ಟುತ್ತಿತ್ತು. ಆ ಜಾಗದಲ್ಲಿ ವರ್ನಾ ಇರುತ್ತಿದ್ದಳು. ಅವಳಿಗೆ ಗುನುಗುವ ಅಭ್ಯಾಸ. ಅರ್ಧ ಇಗರ್ಜಿಯ ಹಾಡು, ಅರ್ಧ ಅಜ್ಜಿಯದು, ಎರಡೂ ಬೆರೆತು ಯಾವುದೂ ಅಲ್ಲದ ಒಂದು ರಾಗ. ಆ ಗುನುಗು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅವನು ತನ್ನ ನಡಿಗೆಯನ್ನು ಹೊಂದಿಸಿಕೊಳ್ಳುತ್ತಿದ್ದ. ಅಲ್ಲ, ಅದು ಸುಳ್ಳು. ಯಾವತ್ತೂ ಹೊಂದಿಸಿಕೊಂಡಿರಲಿಲ್ಲ. ಹೊರೆದಾರಿಯನ್ನು ದೋಣಿ ಇಳಿಸದೆ ಒಂದೇ ಉಸಿರಿಗೆ ದಾಟುತ್ತಾನೆ ಎಂದು ಊರಲ್ಲಿ ಅವನಿಗೆ ಹೆಸರಿತ್ತು, ಆ ಹೆಸರಿಗಾಗಿ ನಡೆಯುತ್ತಿದ್ದ. ಅವಳು ಹಿಂದೆ ಬರುತ್ತಿದ್ದಳು, ಅಷ್ಟೆ. ಕೊನೆಯ ಸಲ ಬಂದಾಗ ಬಂಡೆ ಇಳಿಯುವ ಮೊದಲೇ ಗುನುಗು ನಿಂತಿತ್ತು. ನಿಂತಿದ್ದು ಅವನಿಗೆ ಗೊತ್ತಾಗಿತ್ತು. ಬೆಳಿಗ್ಗೆ ಟೀ ಡಬ್ಬದ ವಿಷಯಕ್ಕೆ ಸಣ್ಣ ಮಾತಾಗಿತ್ತು, ಅದಕ್ಕೆ ಮುಖ ಊದಿಸಿಕೊಂಡಿದ್ದಾಳೆ ಎಂದುಕೊಂಡ. ದೋಣಿಯೊಳಗಿನಿಂದಲೇ, "ಏನೇ, ಆಮೆಗೆ ಹುಟ್ಟಿದೋಳೇ, ಬರ್ತೀಯೋ ಇಲ್ವೋ?" ಎಂದು ಕೂಗಿದ್ದ. ಉತ್ತರ ಬರಲಿಲ್ಲ. ಅವನು ನಡೆದ.

"ಯಾರೋ ಬರ್ತಿದಾರೆ. ಸ್ವಲ್ಪ ಪಕ್ಕಕ್ಕೆ" ಎಂದ ಅಂಬ್ರೋಸ್.

ಹೆಕ್ಟರ್ ಬಂಡೆಯ ಅಂಚಿಗೆ ಸರಿದು ನಿಂತ. ಅವನ ತುಂಡು ನೆಲದೊಳಕ್ಕೆ ಎರಡು ರಬ್ಬರ್ ಬೂಟು, ಅವುಗಳ ಹಿಂದೆ ಒಂದು ಜೊತೆ ಹೆಂಗಸಿನ ಕ್ಯಾನ್ವಾಸ್ ಷೂ ಬಂದವು. ಹಸಿ ನೀರಕ್ಕಿಯ ವಾಸನೆ ಬಂತು. ಬೂಟು ಪರ್ಸಿಯದು, ಅಂಬ್ರೋಸನ ಸೋದರತ್ತೆಯ ಮಗ. ಷೂ ಅವನ ಹೆಂಡತಿ ಬರ್ನಿಸಳದು.

"ಲೇ ಬರ್ನಿಸ್, ನೋಡೇ ಇಲ್ಲಿ! ದೋಣಿಗೆ ಕಾಲು ಬಂದಿದೆ!" ಎಂದ ಪರ್ಸಿ. "ಅದೂ ಎಂಥ ಕಾಲು! ಒಂದು ಆ ಕಡೆಗೆ ಹೋಗುತ್ತೆ, ಇನ್ನೊಂದು ಬೇಡ ಅನ್ನುತ್ತೆ."

"ನಿನ್ನ ಮೂಟೆ ಯಾಕೋ ಇಷ್ಟು ಚಿಕ್ಕದು?" ಅಂಬ್ರೋಸನ ದನಿ ಒಮ್ಮೆಲೇ ಬೇರೆಯಾಯಿತು, ಅಗಲವಾಯಿತು, ಒಳಗೆಲ್ಲೋ ಕೂತಿದ್ದ ಮನುಷ್ಯ ಅಂಗಳಕ್ಕೆ ಬಂದಂತೆ. "ಬಾತುಕೋಳಿ ತಿಂದು ಬಿಟ್ಟಿದ್ದನ್ನ ಆರಿಸ್ಕೊಂಡ್ ಬಂದ್ಯಾ?"

"ಬಾತುಕೋಳಿ ಬಿಟ್ಟಿದ್ದನ್ನ ನಿನಗೇ ಅಂತ ಅಲ್ಲೇ ಇಟ್ಟಿದೀನಿ. ಹೋಗು, ತಿನ್ನು."

"ಇವನ ಮಾತು ಕೇಳ್ಬೇಡ ಅಂಬ್ರೋಸ್" ಎಂದಳು ಬರ್ನಿಸ್. "ದೋಣೀಲಿ ನಿದ್ದೆ ಮಾಡ್ದ. ತೆನೆ ಬಡಿದಿದ್ದೂ ನಾನೇ, ದೋಣಿಗೆ ಕೋಲು ಹಾಕಿದ್ದೂ ನಾನೇ."

ಮೂವರೂ ನಕ್ಕರು. ದೋಣಿಯ ಒಳಗೆ ಹೆಕ್ಟರನೂ ನಕ್ಕ. ಆದರೆ ಸ್ವಲ್ಪ ತಡವಾಗಿ, ಹಾಗಾಗಿ ಅವನ ನಗು ಒಂಟಿಯಾಗಿ ಪೀಪಾಯಿಯೊಳಗಿನಿಂದ ಬಂದಂತೆ ಬಂತು. ಷೂಗಳು ಒಂದು ಹೆಜ್ಜೆ ಹಿಂದೆ ಸರಿದವು. ಬರ್ನಿಸ್ ದನಿ ತಗ್ಗಿಸಿ, "ಒಳಗಿರೋದು ಹೆಕ್ಟರಾ?" ಎಂದು ಅಂಬ್ರೋಸನನ್ನು ಕೇಳಿದಳು, ಪೆಟ್ಟಿಗೆಯಲ್ಲಿ ಮಲಗಿಸಿದವನ ಬಗ್ಗೆ ಕೇಳುವ ಹಾಗೆ. ದೋಣಿಯ ಮೂತಿ ಎತ್ತಿ ಮುಖ ತೋರಿಸಬಹುದಿತ್ತು. ತೋರಿಸಲಿಲ್ಲ. "ನಾನೇ" ಎಂದ, ಅದು ದೋಣಿಯಲ್ಲೆಲ್ಲ ಗುಂಯ್‌ಗುಟ್ಟಿತು. ಪರ್ಸಿಯ ಬೂಟು ನೆಲ ಕೆರೆಯಿತು. "ಅಕ್ಕಿ ಚೆನ್ನಾಗಿ ಮಾಗಿದೆ ಹೆಕ್ಟರ್, ಗಾಳಿ ಏಳೋಕೆ ಮುಂಚೆ ಮುಟ್ಟಿಬಿಡಿ" ಎಂದು ಹೇಳಿ ಹೊರಟ. ಸ್ವಲ್ಪ ದೂರ ಹೋದ ಮೇಲೆ ಅವರಿಬ್ಬರೂ ಏನೋ ಮಾತಾಡಿಕೊಂಡದ್ದು ಕೇಳಿಸಿತು. ತನ್ನ ವಿಷಯವೇ ಇರಬೇಕು. ಇರದಿದ್ದರೂ ಇರಬಹುದು. ಅಂಬ್ರೋಸನ ಗಂಟಲಲ್ಲಿ ನಗು ಸತ್ತಿಲ್ಲ ಎಂಬುದು ಗೊತ್ತಾಯಿತಲ್ಲ, ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಎಲ್ಲರಿಗೂ ಇತ್ತು ಆ ನಗು. ತನಗೆ ಮಾತ್ರ ಇರಲಿಲ್ಲ.

ಬಂಡೆ ಇಳಿದ ಮೇಲೆ ಜೌಗು. ಅಲ್ಲಿ ದಾರಿ ಕವಲೊಡೆಯುತ್ತದೆ: ಎಡಕ್ಕೆ ಹೊರೆದಾರಿ, ಬಲಕ್ಕೆ ಮೂಸ್‌ಗಳು ತುಳಿದು ಮಾಡಿದ ಹಾದಿ. ಎರಡೂ ಒಂದೇ ಥರ ಕಪ್ಪು. ಕಣ್ಣು ಕಟ್ಟಿದರೂ ಅವನು ಎಡಕ್ಕೆ ಹೋಗುತ್ತಿದ್ದವನು. ಆದರೆ ಇವತ್ತು ತಲೆ ಬೇರೆಲ್ಲೋ ಇತ್ತು. ವರ್ನಾ ಸತ್ತದ್ದು ಪಟ್ಟಣದ ಆಸ್ಪತ್ರೆಯಲ್ಲಿ, ಫೆಬ್ರವರಿಯಲ್ಲಿ. ಹಿಮಗಾಳಿಗೆ ವಿಮಾನ ಇಳಿಯದೆ ಅವನು ಊರಲ್ಲೇ ಉಳಿದಿದ್ದ, ಅವಳ ಪಕ್ಕದಲ್ಲಿದ್ದವನು ಅಂಬ್ರೋಸ್. ಆ ಕೊನೆಯ ದಿನಗಳಲ್ಲಿ ಅಕ್ಕ ತಮ್ಮ ಏನು ಮಾತಾಡಿಕೊಂಡರು? ಅದನ್ನು ಅವನು ಕೇಳಿಲ್ಲ, ಅಂಬ್ರೋಸ್ ಹೇಳಿಲ್ಲ. ಅವಳಿಗೆ ಊರಿನ ಮೀನು ತಿನ್ನುವ ಆಸೆಯಾಗಿತ್ತಂತೆ, ಅಷ್ಟು ಮಾತ್ರ ಅತ್ತೆಯ ಮೂಲಕ ಬಂದಿತ್ತು. ಉಳಿದದ್ದು? ನೋವಿನ ನಡುವೆ, ಔಷಧಿಯ ಮಂಪರಿನಲ್ಲಿ, ಅಕ್ಕಿಕೆರೆಯ ದಡದ ಆ ವಿಷಯ? ಇಷ್ಟು ಯೋಚಿಸುವಾಗ ಅವನ ಬೂಟಿನ ಮುಂದಿನ ನೆಲ ಮೆತ್ತಗಾಯಿತು, ಇನ್ನೊಂದು ಹೆಜ್ಜೆಗೆ ಇಲ್ಲವೇ ಆಯಿತು. ಸೊಂಟದವರೆಗೆ ಕೆಸರಿನಲ್ಲಿ ಇಳಿದ. ದೋಣಿ ಮುಂದಕ್ಕೆ ಮಗುಚಿ ಮೂತಿ ಪಾಚಿಯಲ್ಲಿ ನಾಟಿಕೊಂಡಿತು. ಇದ್ದಕ್ಕಿದ್ದಂತೆ ಬೆಳಕು ಬಿದ್ದು ಅವನು ಕಣ್ಣು ಕಿರಿದು ಮಾಡಿದ.

"ಆ ಕಡೆ ಅಲ್ಲ ಅನ್ಸುತ್ತೆ, ಹೆಕ್ಟರ್" ಎಂದ ಅಂಬ್ರೋಸ್.

ಮದುವೆಯಾದ ಹೊಸದರಲ್ಲಿ ಒಂದು ಸಲ ಹೀಗೇ ತಪ್ಪಿದ್ದ. ಆಗ ಅಂಬ್ರೋಸ್ ಇನ್ನೂ ಮೀಸೆ ಬರದವನು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದು, "ಅಕ್ಕಾ, ನಿನ್ನ ಗಂಡ ಮೂಸ್‌ನ ಮನೆಗೆ ಹೆಣ್ಣು ಕೇಳೋಕೆ ಹೊರಟಿದಾನೆ!" ಎಂದು ಕಿರುಚಿದ್ದ. ಚಳಿಗಾಲವೆಲ್ಲ ಊರಿಗೆ ಊರೇ ಅವನನ್ನು ಮೂಸ್‌ನ ಅಳಿಯ ಎಂದು ಕರೆದಿತ್ತು. ಎಷ್ಟು ಸಿಟ್ಟು ಬಂದಿತ್ತು ಆಗ! ಈಗ ಅಂಬ್ರೋಸ್ ಮೂಟೆ ಇಳಿಸಿ, ಕೈ ಚಾಚಿ, ಅವನನ್ನು ಎಳೆದು ಮೇಲೆ ಹತ್ತಿಸಿದ. "ಪೆಟ್ಟಾಗಿಲ್ಲ ತಾನೇ? ನಾನು ಹೊರ್ಲಾ ಇನ್ಮೇಲೆ?" ಎಂದ. ಮುಖದಲ್ಲಿ ಗೇಲಿಯ ಒಂದು ಎಳೆಯೂ ಇರಲಿಲ್ಲ. ಹೆಕ್ಟರ್ ಹುಡುಕಿದ, ಕೆಸರು ಮೆತ್ತಿದ ಮುಖದಿಂದ ಇನ್ನೊಬ್ಬನ ಮುಖವನ್ನು ಭಿಕ್ಷೆ ಕೇಳುವವನ ಹಾಗೆ ನೋಡಿದ. ಕೊನೆಗೆ ತಾನೇ, "ಮೂಸ್‌ನ ಮನೆಗೆ ಹೊರಟಿದ್ದೆ" ಎಂದ. ಅಂಬ್ರೋಸ್ ದೋಣಿಯ ಮೂತಿಯಿಂದ ಪಾಚಿ ಕೀಳುತ್ತಿದ್ದವನು ಒಂದು ಕ್ಷಣ ಕೈ ನಿಲ್ಲಿಸಿ, "ಹೂಂ" ಎಂದು ಮತ್ತೆ ಕೀಳತೊಡಗಿದ. ತನ್ನನ್ನು ತಾನೇ ಗೇಲಿ ಮಾಡಿಕೊಂಡವನಿಗೆ ಉತ್ತರ ಕೊಡಬೇಕೆಂದು ಯಾವ ಕ್ರಮವೂ ಹೇಳುವುದಿಲ್ಲ.

ದೋಣಿಯನ್ನು ಹೆಕ್ಟರನೇ ಮತ್ತೆ ಹೊತ್ತ. ಹಟಕ್ಕೆ ಹೊತ್ತ. ಒದ್ದೆ ಪ್ಯಾಂಟು ತೊಡೆಗೆ ಉಜ್ಜುತ್ತಿತ್ತು. ದಾರಿಯ ನಡುವೆ ಒಂದು ಪೈನ್ ಮರ ಕವೆಯಾಗಿ ಬೆಳೆದಿದೆ. ದೋಣಿಯ ಮೂತಿಯನ್ನು ಆ ಕವೆಗೆ ಸಿಕ್ಕಿಸಿ, ಅಡಿಯಿಂದ ನುಸುಳಿ ಹೊರಗೆ ಬಂದು, ದಣಿವಾರಿಸಿಕೊಳ್ಳುವ ಮರ. ಹೆಕ್ಟರ್ ಅಲ್ಲಿ ಯಾವತ್ತೂ ನಿಂತವನಲ್ಲ. ಇವತ್ತು ಮೂತಿಯನ್ನು ಕವೆಗೆ ಸಿಕ್ಕಿಸಿ ಹೊರಗೆ ಬಂದ. ಮರದ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದರೂ ಆ ಕಲ್ಲನ್ನು ಅವನು ನೋಡಿರಲಿಲ್ಲ. ಹೊರೆ ಹೊತ್ತವರು ಕೂತು ಕೂತು ನಯವಾಗಿತ್ತು. ಅವಳು ಕೂತದ್ದು ಇಲ್ಲೇ ಇರಬೇಕು. ಮೂಟೆಯನ್ನು ಕಲ್ಲಿಗೆ ಆನಿಸಿ, ಹಣೆಪಟ್ಟಿಯನ್ನು ಹಿಂದೆ ಸರಿಸಿ, ಪಕ್ಕೆ ಒತ್ತಿ ಹಿಡಿದು. ಆಗಲೇ ಅವಳೊಳಗೆ ಅವಳನ್ನು ಕೊಂದ ಗಡ್ಡೆ ಬೆಳೆಯುತ್ತಿತ್ತು. ಬಹಳ ದಿನದಿಂದ ಇತ್ತು ಎಂದರು ಡಾಕ್ಟರು. ಹಾಗಾದರೆ ಆ ದಿನ ಇಲ್ಲಿ ನಿಂತು ಕಾದಿದ್ದರೂ ಅವಳು ಸಾಯುತ್ತಿದ್ದಳು, ಮೂಟೆ ತಾನೇ ಹೊತ್ತಿದ್ದರೂ ಸಾಯುತ್ತಿದ್ದಳು. ಈ ಲೆಕ್ಕವನ್ನು ಅವನು ಎಷ್ಟೋ ಸಲ ಮಾಡಿದ್ದ. ಪ್ರತಿ ಸಲವೂ ಅದು ಸರಿಯಾಗಿಯೇ ಬರುತ್ತಿತ್ತು, ಮತ್ತೆ ಮೊದಲಿನಿಂದ ಮಾಡುತ್ತಿದ್ದ.

"ಅಂಬ್ರೋಸ್" ಎಂದ.

"ಹೇಳಿ."

"ಅವಳು ಆಸ್ಪತ್ರೇಲಿ..."

ಅಂಬ್ರೋಸ್ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟ. "ಕುಡೀರಿ. ಗಾಳಿ ಏಳ್ತಾ ಇದೆ." ಮರಗಳ ಮೇಲೆ ನಿಜವಾಗಿಯೂ ಗಾಳಿ ಎದ್ದಿತ್ತು. ಜೋರು ಗಾಳಿ ಬಂದರೆ ಮಾಗಿದ ಅಕ್ಕಿಯೆಲ್ಲ ನೀರಿಗೆ ಉದುರುತ್ತದೆ. ಹೆಕ್ಟರ್ ನೀರು ಕುಡಿದ. ಬಾಟಲಿ ವಾಪಸು ಕೊಟ್ಟ. ಮತ್ತೆ ನೊಗದ ಕೆಳಗೆ ನುಸುಳಿದ.

ಅವತ್ತೂ ಗಾಳಿಯದೇ ಚಿಂತೆ. ಆ ಕಡೆಯ ದಡ ಮುಟ್ಟಿ, ದೋಣಿ ಇಳಿಸಿ, ಅದರ ಬೆನ್ನ ಮೇಲೆ ಕೂತು ಅಕ್ಕಿಯ ತೆನೆಗಳು ಅಲ್ಲಾಡುವುದನ್ನು ನೋಡುತ್ತಿದ್ದ. ಅವಳ ಸುಳಿವಿಲ್ಲ. ಎದ್ದು ಹಿಂದಕ್ಕೆ ಹೋಗಬೇಕೆಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದು ಅವನಿಗೆ ಚೆನ್ನಾಗಿ ನೆನಪಿದೆ. ಹೋಗುವ ಬದಲು ಸಿಗರೇಟು ಹಚ್ಚಿದ. ಪ್ಯಾಕು ಮುಗಿದ ಮೇಲೆ ಚೀಲದಲ್ಲಿದ್ದ ಚಿಟಿಕೆ ಹೊಗೆಸೊಪ್ಪನ್ನೂ ಕಾಗದಕ್ಕೆ ಸುತ್ತಿ ಸೇದಿದ. ಸಿಟ್ಟಿನಲ್ಲಿ ಸೇದಿದ. ಅದು ನೀರಿನ ಪಾಲು ಎಂಬುದು ಹೊಗೆ ಎಳೆಯುವಾಗ ತಲೆಗೆ ಬರಲೇ ಇಲ್ಲ. ಅಥವಾ ಬಂದಿತ್ತು, ಮಿಷನ್ ಶಾಲೆಯಲ್ಲಿ ಓದಿದ ಗಂಡಸಿಗೆ ಅದೊಂದು ದೊಡ್ಡ ವಿಷಯವೇ ಎಂದುಕೊಂಡಿದ್ದ. ಅಕ್ಕಿ ಮುಟ್ಟುವ ಮೊದಲು ನೀರಿನೊಳಗಿನವರಿಗೆ ಕಾಣಿಕೆ ಎಂದು ನೀರಿಗೆ ಹೊಗೆಸೊಪ್ಪು ಹಾಕದೆ ಯಾರೂ ದೋಣಿ ಇಳಿಸುವುದಿಲ್ಲ. ಅವಳು ಕೊನೆಗೂ ಬಂದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೂಟೆ ಇಳಿಸಿ, ಯಾಕೆ ಬಿಟ್ಟು ಬಂದೆ ಎಂದು ಕೇಳದೆ, ಅಂಗೈ ಚಾಚಿ, "ಹೊಗೆಸೊಪ್ಪು ಕೊಡು, ನೀರಿಗೆ ಹಾಕ್ತೀನಿ" ಎಂದಳು. ಅವನ ಬೆರಳ ನಡುವೆ ತುಂಡು ಇನ್ನೂ ಉರಿಯುತ್ತಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ಮೂಟೆಯಿಂದ ಟೀ ಪೊಟ್ಟಣ ತೆಗೆದು, ಹರಿದು, ನೀರಿಗೆ ಉದುರಿಸಿ, "ಹೋಗ್ಲಿ, ಈ ವರ್ಷ ಟೀನೇ ಕುಡೀಲಿ ಅವರೂ" ಎಂದು ನಕ್ಕಳು. ಅವನೂ ನಕ್ಕ. ಆ ವರ್ಷ ಅಕ್ಕಿ ಚೆನ್ನಾಗಿಯೇ ಬಂತು.

ಇದನ್ನು ನೋಡಿದವರು ಇಬ್ಬರೇ. ಅವಳು ಸತ್ತ ಮೇಲೆ ಅವನು ಸೇದುವುದನ್ನು ಬಿಟ್ಟ. ಯಾಕೆಂದು ಯಾರೂ ಕೇಳಲಿಲ್ಲ, ಎದೆಗೆ ಒಳ್ಳೇದು ಎಂದರು. ಇವತ್ತು ಬರುವಾಗ ಹೊಸ ಹೊಗೆಸೊಪ್ಪಿನ ಪೊಟ್ಟಣವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ. ಅಂಬ್ರೋಸನ ಎದುರಿಗೆ ಅದನ್ನು ಒಡೆದು, ಎಲ್ಲವನ್ನೂ, ಒಂದು ಎಳೆಯನ್ನೂ ಉಳಿಸದೆ ನೀರಿಗೆ ಹಾಕಬೇಕೆಂದು ರಾತ್ರಿಯೇ ನಿರ್ಧರಿಸಿದ್ದ. ಬೂಟಿನ ಮುಂದಿನ ನೆಲ ಮರಳಾಯಿತು, ಮರಳಿನ ಮೇಲೆ ಬೆಳಕು ಹೆಚ್ಚಾಯಿತು, ನೀರಿನ ವಾಸನೆ ಬಂತು. ದೋಣಿ ಇಳಿಸಿದ. ಕೆರೆಯ ತುಂಬ ಅಕ್ಕಿಯ ತೆನೆಗಳು ಒಂದೇ ಕಡೆಗೆ ಬಾಗಿ ನಿಂತಿದ್ದವು. ಹೆಗಲಲ್ಲಿ ನೊಗ ಇನ್ನೂ ಇದ್ದಂತೆಯೇ ಇತ್ತು. ದೋಣಿ ನೀರಿಗೆ ತಳ್ಳುವ ಮೊದಲು ಅಂಬ್ರೋಸ್ ಸುಮ್ಮನೆ ನಿಂತ. ಈಗ. ಹೆಕ್ಟರ್ ಜೇಬಿಗೆ ಕೈ ಹಾಕಿದ. ಬೆರಳಿಗೆ ಸಿಕ್ಕಿದ್ದು ಕೆಸರು. ಎಳೆದ. ಹರಿದ ಪೊಟ್ಟಣ, ಜೌಗಿನ ನೀರು ಕುಡಿದು ಸಗಣಿಯಂತಾದ ಒಂದು ಮುದ್ದೆ ಅಂಗೈಗೆ ಬಂತು. ಅದನ್ನು ಹಿಡಿದು ನಿಂತ. ಮುಚ್ಚಿಡಲು ಜಾಗವಿರಲಿಲ್ಲ. ಅಂಬ್ರೋಸ್ ಆ ಅಂಗೈಯನ್ನು ನೋಡಿದ, ಅವನ ಅಕ್ಕ ಒಮ್ಮೆ ಆ ಬೆರಳುಗಳನ್ನು ನೋಡಿದ್ದಷ್ಟೇ ಹೊತ್ತು ನೋಡಿದ. ಆಮೇಲೆ ತನ್ನ ಎದೆಜೇಬಿನಿಂದ ಚರ್ಮದ ಚೀಲ ತೆಗೆದು ಮುಂದೆ ಚಾಚಿದ.

"ತಗೋ. ನೀನೇ ಹಾಕು."

ಹೆಕ್ಟರ್ ತೆಗೆದುಕೊಂಡ.

"ಸೇದ್ಬಿಡ್ಬೇಡ ಮತ್ತೆ, ಭಾವ."

ಕೆರೆಯ ಮೇಲೆ ಗಾಳಿ ಅಕ್ಕಿಯನ್ನು ಒಮ್ಮೆ ಬಾಗಿಸಿ ಬಿಟ್ಟಿತು. ಅಂಬ್ರೋಸನ ಮುಖದಲ್ಲಿ ಏನೂ ಇರಲಿಲ್ಲ, ನಗುವೂ ಇಲ್ಲ, ಸಿಟ್ಟೂ ಇಲ್ಲ. ಗೇಲಿ ಮಾಡಿದವನು ತಿರುಗಿ ಬರುವ ಮಾತಿಗೆ ಕಾಯುವಂತೆ ಕಾಯುತ್ತಿದ್ದ. ನಗಬೇಕು. ಹೆಕ್ಟರ್ ನಕ್ಕ. ಗಂಟಲಿನಿಂದ ಬಂದ ಸದ್ದು ನೀರಿನ ಮೇಲೆ ಹೋಗಿ ಆ ಕಡೆಯ ಬಂಡೆಗೆ ಬಡಿದು ಬಂತು. ಹೇಳಿದ್ದಾಳೆ ಹಾಗಾದರೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹೇಳಿದ್ದಾಳೆ. ಹೇಗೆ ಹೇಳಿದಳು? ನೋಡೋ, ನಿನ್ನ ಭಾವ ಎಂಥ ಪೆದ್ದ, ನೀರಿನ ಪಾಲನ್ನೂ ಸೇದಿಬಿಟ್ಟ ಎಂದು ತಮ್ಮನನ್ನು ನಗಿಸಲು ಹೇಳಿದಳೋ, ಇಲ್ಲ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದಳೋ? ಅದನ್ನು ಕೇಳುವಂತಿಲ್ಲ. ಗೇಲಿಗೆ ಯಾರೂ ಅರ್ಥ ಕೇಳುವುದಿಲ್ಲ. ತಿರುಗಿ ಒಂದು ಮಾತು ಕೊಡಬೇಕು, ಅಷ್ಟೆ. ಅವನು ಹುಡುಕಿದ. ಅಂಬ್ರೋಸನ ಬೋಳಾಗುತ್ತಿರುವ ತಲೆ, ಅವನ ಗೊರಕೆ, ಅವನ ಹಳೆಯ ಪ್ರೇಮಗಳು, ಏನೆಲ್ಲ ಇತ್ತು ಒಂದು ಕಾಲದಲ್ಲಿ. ಬಗ್ಗಿ ಹೊಗೆಸೊಪ್ಪನ್ನು ನೀರಿಗೆ ಹಾಕಿದ. ಅದು ಮುಳುಗಲಿಲ್ಲ. ಸಣ್ಣ ಅಲೆ ಅದನ್ನು ವಾಪಸು ತಂದು ಅವನ ಬೂಟಿಗೆ ಅಂಟಿಸಿತು.

"ಹತ್ತು, ಭಾವ" ಎಂದ ಅಂಬ್ರೋಸ್. ಉದ್ದನೆಯ ಕೋಲನ್ನು ತಾನು ತೆಗೆದುಕೊಂಡು, ತೆನೆಯಿಂದ ಅಕ್ಕಿಯನ್ನು ದೋಣಿಗೆ ಉದುರಿಸುವ ಎರಡು ಬಡಿಗೋಲುಗಳನ್ನು ಅವನ ಕೈಗೆ ಕೊಟ್ಟ. ಸೀಡರಿನವು, ಹಗುರವಾದವು, ಹಿಡಿಯ ಹತ್ತಿರ ವರ್ನಾಳ ಕೈ ತಾಗಿ ತಾಗಿ ಕಪ್ಪಾದವು. ಕೋಲು ಹಾಕುವವನು ಹಿಂದೆ ನಿಲ್ಲುತ್ತಾನೆ. ಬಡಿಯುವವನು ಅವನಿಗೆ ಎದುರಾಗಿ ಕೂರಬೇಕು. ಹೆಕ್ಟರ್ ಅವಳ ಜಾಗದಲ್ಲಿ ಹೋಗಿ ಕೂತ. ಅಂಬ್ರೋಸ್ ಕೋಲು ಊರಿ ತಳ್ಳಿದ, ದೋಣಿ ಅಕ್ಕಿಯೊಳಗೆ ನುಗ್ಗಿತು, ತೆನೆಗಳು ಎರಡೂ ಕಡೆಯಿಂದ ಮುಚ್ಚಿಕೊಂಡು ದಡ ಮರೆಯಾಯಿತು. ತಲೆಯ ಮೇಲೆ ಈಗ ದೋಣಿ ಇರಲಿಲ್ಲ. ಸಂಜೆಯವರೆಗೂ ಇಬ್ಬರೂ ಹೀಗೇ, ಮುಖಕ್ಕೆ ಮುಖ ಕೊಟ್ಟು.